ಹಳ್ಳದಾಚೆಯ ಹುಂಜ

ಟರ್ಕಿ ಕೋಳಿಯ ಬೇಟೆ ಬೇಟೆಯೇ ಅಲ್ಲ ಎಂಬುದು ಆ ಜಿಂಕೆ ಬೇಟೆಗಾರರ ಕ್ಲಬ್ಬಿನಲ್ಲಿ ಬಹಳ ಜನರ ಮತ. ಅದನ್ನು ಅವರು ವರ್ಲನ್ ಟೀಗ್‌ನ ಮುಖಕ್ಕೇ ಹೇಳುತ್ತಿದ್ದರು. ಅವನೂ ನಕ್ಕು ಸುಮ್ಮನಾಗುತ್ತಿದ್ದ. ಈ ಏಪ್ರಿಲ್‌ನಲ್ಲಿ ಮಾತ್ರ ನಗುವ ಹಾಗಿರಲಿಲ್ಲ. ಕ್ಲಬ್ಬಿನ ಅಧ್ಯಕ್ಷ ಹಾರ್ಗಿಸ್, ಹಳ್ಳದ ಎರಡೂ ಬದಿಯ ಓಕ್ ಮರಗಳ ತಗ್ಗನ್ನು ಬುಲ್ಡೋಜರಿನಿಂದ ಬೋಳು ಮಾಡಿಸಿ ಜಿಂಕೆಗಳಿಗೆ ಮೇವಿನ ಹೊಲ ಎಬ್ಬಿಸಲು ಹೊರಟಿದ್ದ. ಕಾಡು ಟರ್ಕಿಗಳು ರಾತ್ರಿ ಕೂರುತ್ತಿದ್ದುದು ಆ ಮರಗಳ ಮೇಲೆಯೇ. ಮರ ಹೋದರೆ ಕೋಳಿ ಹೋಯಿತು, ಕೋಳಿ ಹೋದರೆ ವರ್ಲನ್‌ಗೆ ವಸಂತದಲ್ಲಿ ಮಾಡಲು ಬೇರೆ ಕೆಲಸವಿರಲಿಲ್ಲ.

ಶನಿವಾರ ಬೆಳಗಿನ ತಿಂಡಿಯಾದ ಮೇಲೆ ಕೈ ಎತ್ತಿಸಿ ಮತ ಎಣಿಸುವುದೆಂದು ನಿಶ್ಚಯವಾಗಿತ್ತು. ಯಾರು ಯಾವ ಕಡೆ ಎಂಬುದು ಎಲ್ಲರಿಗೂ ತಿಳಿದದ್ದೇ. ಎರಡೂ ಪಕ್ಷ ಸಮಸಮ. ಇನ್ನೂ ಬಾಯಿ ಬಿಡದೆ ಉಳಿದವನೆಂದರೆ ವರ್ಲನ್‌ನ ಹೆಂಡತಿಯ ತಮ್ಮ ಡೆಲ್ಮರ್.

ಶುಕ್ರವಾರ ಸಂಜೆ ಕ್ಲಬ್ಬಿನ ಹಲಗೆ ಮನೆಯ ಜಗಲಿಯಲ್ಲಿ ಮತ್ತೆ ಅದೇ ಮಾತು ಎದ್ದಿತು.

"ಏನಿದೆ ಅದ್ರಲ್ಲಿ? ಎದೆ ಮಾಂಸ ಒಂದು ಬಿಟ್ರೆ ಉಳಿದಿದ್ದೆಲ್ಲ ನರ," ಎಂದ ಹಾರ್ಗಿಸ್. "ಕಾಲು ಬೇಯಿಸೋದೂ ಒಂದೇ, ಬೂಟ್ ಬೇಯಿಸೋದೂ ಒಂದೇ. ಅದೇ ಒಂದು ಜಿಂಕೆ ಹೊಡೆದ್ರೆ ಫ್ರೀಜರ್ ತುಂಬುತ್ತೆ."

"ಓಹೋ, ನೀವು ಬೇಟೆಗೆ ಹೋಗೋದು ಮಾಂಸಕ್ಕೆ," ಎಂದಳು ನೇಡೀನ್. ಗಂಡ ಸತ್ತ ಮೇಲೆ ಅವನ ಸದಸ್ಯತ್ವವನ್ನೂ ಬಂದೂಕನ್ನೂ ತಾನೇ ವಹಿಸಿಕೊಂಡವಳು. "ಮತ್ತೆ ಗೋಡೆ ಮೇಲಿರೋ ಆ ಕೊಂಬುಗಳನ್ನ ಯಾವತ್ತು ಸಾರು ಮಾಡ್ತೀರಿ?"

ಡೆಲ್ಮರ್ ನಕ್ಕ. "ಜಿಂಕೆಗಾದ್ರೆ ಬುದ್ಧಿ ಇದೆ ನೇಡೀನ್. ಕೋಳಿಗೆ ಏನಿದೆ? ಕಡಲೆಕಾಯಿಯಷ್ಟು ಮಿದುಳು."

"ಆ ಕಡಲೆಕಾಯಿ ಪ್ರತಿ ವರ್ಷ ನಿನ್ನ ಭಾವನ್ನ ಕುಣಿಸ್ತಾ ಇದೆಯಲ್ಲೋ."

"ಅದಕ್ಕೇ ಅಂದಿದ್ದು. ಇಬ್ಬರದ್ದೂ ಒಂದೇ ಅಳತೆ."

ವರ್ಲನ್ ಕಾಫಿ ಲೋಟ ಕೆಳಗಿಟ್ಟ. "ಜಿಂಕೆ ಬರುತ್ತೆ, ಹೋಗುತ್ತೆ. ನೀನು ಮರದ ಮೇಲೆ ಕೂತಿದೀಯ ಅನ್ನೋದೇ ಅದಕ್ಕೆ ಗೊತ್ತಿರಲ್ಲ. ಇದು ಹಾಗಲ್ಲ ಡೆಲ್ಮರ್. ನೀನು ಮಾತಾಡಿದ್ರೆ ತಿರುಗಿ ಉತ್ತರ ಕೊಡುತ್ತೆ."

"ಉತ್ತರ ಕೊಡೋರು ಬೇಕು ಅಂತ ಕಾಡಿಗೆ ಹೋಗ್ತೀಯಾ? ನಮ್ಮಕ್ಕನ್ನ ಕಟ್ಕೊಂಡಿದ್ದು ಸಾಲ್ಲಿಲ್ವಾ?"

ಜಗಲಿಯೆಲ್ಲ ನಗೆ. ವರ್ಲನ್ ಅದು ಮುಗಿಯುವ ತನಕ ಕಾದ. "ನಾಳೆ ಒಂದು ಬೆಳಿಗ್ಗೆ ನನ್ನ ಜೊತೆ ಬಾ. ಬಂದೂಕು ನೀನೇ ಹಿಡಿ. ಆಮೇಲೆ ಯಾವ ಕಡೆ ಬೇಕಾದ್ರೂ ಕೈ ಎತ್ತು."

"ಬರ್ತೀನಿ. ಆದ್ರೆ ಆಮೇಲೆ ನೀನು ಈ ವಿಷಯ ನನ್ನ ಹತ್ರ ಎತ್ತಬಾರ್ದು."

ಬೆಳಕು ಹರಿಯುವ ಮೊದಲೇ ಇಬ್ಬರೂ ತಗ್ಗಿನ ದೊಡ್ಡ ಓಕ್ ಒಂದಕ್ಕೆ ಬೆನ್ನು ಕೊಟ್ಟು ಕೂತರು. ವರ್ಲನ್ ಬಾಯಿಗೆ ಕೈ ಹಿಡಿದು ಗೂಬೆಯ ಹಾಗೆ ಕೂಗಿದ. ಗೂಬೆ ಕೂಗಿದರೆ ಟರ್ಕಿ ಹುಂಜ ಸುಮ್ಮನಿರಲಾರದು. ಹಳ್ಳದಾಚೆಯ ಮರದ ಮೇಲಿಂದ ಗುಳುಗುಳು ಎಂದು ಒಂದು ಅಬ್ಬರ ಬಂತು. ಡೆಲ್ಮರ್ ಬೆಚ್ಚಿ, ಬೆಚ್ಚಿದ್ದನ್ನು ಮರೆಸಲು ಕೆನ್ನೆ ಕೆರೆದುಕೊಂಡ.

ವರ್ಲನ್ ಜೇಬಿನಿಂದ ಮರದ ಪೆಟ್ಟಿಗೆ ತೆಗೆದ. ಅದರ ಮುಚ್ಚಳವನ್ನು ಅಂಚಿಗೆ ಉಜ್ಜಿದರೆ ಹೇಂಟೆಯ ದನಿ ಬರುತ್ತದೆ. ಮೆಲ್ಲಗೆ ಉಜ್ಜಿದ. ಹುಂಜ ಉತ್ತರಿಸಿತು, ಮರದಿಂದ ಧೊಪ್ಪನೆ ಇಳಿಯಿತು. ಇಳಿದದ್ದು ಆಚೆ ದಡಕ್ಕೆ. ಮತ್ತೆ ಉಜ್ಜಿದ, ಮತ್ತೆ ಉತ್ತರ. ಆದರೆ ಅದು ಇದ್ದಲ್ಲಿಂದ ಕದಲಲಿಲ್ಲ. ಅದರ ಲೋಕದಲ್ಲಿ ಹುಂಜ ಕರೆಯುತ್ತದೆ, ಹೇಂಟೆ ಹೋಗುತ್ತದೆ. ಕೂಗಿದ ಹೇಂಟೆ ತಾನಾಗಿ ಬರಲೆಂದು ಅದು ಆಚೆ ಕಾಯುತ್ತಿತ್ತು. ಕೂಗಿದಷ್ಟೂ ಅದರ ನಂಬಿಕೆ ಗಟ್ಟಿಯಾಗುತ್ತದೆ, ನಿಂತಲ್ಲೇ ನಿಲ್ಲುತ್ತದೆ. ಇದು ವರ್ಲನ್‌ಗೆ ಗೊತ್ತು. ಗೊತ್ತಿದ್ದೂ, ಇವತ್ತು ಬರಲೇಬೇಕೆಂಬ ಆತುರಕ್ಕೆ, ಬೇಕಾದ್ದಕ್ಕಿಂತ ಹೆಚ್ಚು ಕೂಗಿದ್ದ.

ಅವನು ಪೆಟ್ಟಿಗೆಯನ್ನು ಎಲೆಯ ಮೇಲಿಟ್ಟು ಕೈ ಕಟ್ಟಿ ಕೂತ. ಹೇಂಟೆಯ ದನಿ ನಿಂತರೆ ಹುಂಜವೇ ಹುಡುಕಿಕೊಂಡು ಬರಬಹುದು.

ಬಿಸಿಲು ಬಂತು. ಡೆಲ್ಮರ್ ಮೀನಖಂಡದಿಂದ ಒಂದು ಉಣ್ಣಿ ಕಿತ್ತ. "ಮುಗೀತಾ?" ಎಂದು ಪಿಸುಗುಟ್ಟಿ ಏಳಹೊರಟವನ ಮೊಣಕಾಲನ್ನು ವರ್ಲನ್ ಒತ್ತಿ ಹಿಡಿದ.

ಮೊದಲು ಬಂದದ್ದು ಸದ್ದಲ್ಲ, ಎದೆಗೂಡಿಗೆ ತಾಗುವ ಒಂದು ಗುಮ್ಮೆನ್ನುವ ಅದುರು. ಆಮೇಲೆ, ಹಳ್ಳಕ್ಕೆ ಅಡ್ಡ ಬಿದ್ದ ದಿಮ್ಮಿಯ ಈಚೆ ತುದಿಯಲ್ಲಿ, ಬಾಲ ಬಿಚ್ಚಿ, ರೆಕ್ಕೆಯ ತುದಿಯನ್ನು ನೆಲಕ್ಕೆ ಉಜ್ಜುತ್ತ ಹುಂಜ ಬಂತು. ಬಿಳಿ ನೆತ್ತಿ, ನೀಲಿ ಕೆನ್ನೆ, ಕೆಂಪು ಕೊರಳು. ಕಾಣದ ಹೇಂಟೆಯನ್ನು ಹುಡುಕುತ್ತ ಮರಗಳ ನಡುವೆ ಅಡ್ಡಕ್ಕೆ ನಡೆಯಿತು. ಡೆಲ್ಮರ್ ಬಂದೂಕು ಎತ್ತಿ, ಗುಂಡು ಹಾರಿಸುವುದನ್ನೇ ಮರೆತು ನೋಡುತ್ತಿದ್ದ. ಇಷ್ಟೊಂದು ಜಿಂಕೆ ಹೊಡೆದವನು!

ಹೊಡಿ, ಎಂದು ವರ್ಲನ್ ಮನಸ್ಸಿನಲ್ಲೇ ಹೇಳಿದ.

ಡೆಲ್ಮರ್ "ಮ್ಯಾ" ಎಂದ.

ಜಿಂಕೆಯವರ ಅಭ್ಯಾಸ ಅದು. ನಡೆದು ಹೋಗುವ ಜಿಂಕೆಗೆ ಬಾಯಲ್ಲಿ ಮ್ಯಾ ಎಂದರೆ ಅದು ಗಕ್ಕನೆ ನಿಂತು ಕಿವಿ ತಿರುಗಿಸುತ್ತದೆ. ಆ ಗಳಿಗೆಯಲ್ಲಿ ಗುಂಡು ಹಾರಿಸಬೇಕು. ಡೆಲ್ಮರ್‌ನ ನಾಲಿಗೆ ಅವನನ್ನು ಕೇಳದೆ ತನ್ನ ಕೆಲಸ ಮಾಡಿತ್ತು. ಕೋಳಿ ನಿಲ್ಲಲಿಲ್ಲ. ಬಾಲ ಮಡಚಿಕೊಂಡು, ಕತ್ತು ಚಾಚಿ, ಪೊದೆಯೊಳಕ್ಕೆ ಓಡಿತು. ಗುಂಡು ಒಂದು ಮರದ ತೊಗಟೆ ಎಬ್ಬಿಸಿತು.

ಕೋಳಿ ಹೋದದ್ದಕ್ಕೆ ವರ್ಲನ್‌ಗೆ ಬೇಸರವಿರಲಿಲ್ಲ. ಕೋಳಿಗಳು ಹೋಗುತ್ತಲೇ ಇರುತ್ತವೆ. ಆದರೆ ತನ್ನನ್ನು ನಗೆಪಾಟಲು ಮಾಡಿದ ಜಾಗವನ್ನು ಉಳಿಸಲು ಯಾವ ಗಂಡಸೂ ಕೈ ಎತ್ತುವುದಿಲ್ಲ. ದಾರಿಯಲ್ಲಿ ವರ್ಲನ್ ಹೇಳಿದ, "ಹೊಡೆದಿದ್ದು ನಾನು ಅಂತೀನಿ. ಗುರಿ ತಪ್ತು ಅಂತೀನಿ. ಆ ಮ್ಯಾ ವಿಷಯ ನನ್ನ ಬಾಯಿಂದ ಬರಲ್ಲ."

ಡೆಲ್ಮರ್ ಬಂದೂಕನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ.

ಹಲಗೆ ಮನೆಯಲ್ಲಿ ಎಲ್ಲರೂ ಜೋಳದ ನುಚ್ಚಿನ ಗಂಜಿಯ ಮುಂದೆ ಕೂತಿದ್ದರು. "ಗುಂಡಿನ ಸದ್ದು ಕೇಳ್ತು. ಎಲ್ಲಿ ಕೋಳಿ?" ಎಂದ ಹಾರ್ಗಿಸ್.

ವರ್ಲನ್ ಬಾಯಿ ತೆರೆಯುವಷ್ಟರಲ್ಲಿ ಡೆಲ್ಮರ್ ಹೇಳಿಬಿಟ್ಟ. "ನಾನು ಹೊಡೆದದ್ದು. ಹೊಡೆಯೋಕೆ ಮುಂಚೆ ಮ್ಯಾ ಅಂದೆ."

ಹಾರ್ಗಿಸ್ ಚಮಚ ಕೆಳಗಿಟ್ಟ.

"ಕೋಳಿಗೆ ಮ್ಯಾ ಅಂದ್ಯಾ?"

"ಕೋಳಿಗೇ ಅಂದೆ."

ಹಾರ್ಗಿಸ್ ಕೆಮ್ಮುವಷ್ಟು ನಕ್ಕ. "ಮುಂದಿನ ಸಲ ಜಿಂಕೆಗೆ ಕೊಕ್ಕೊಕ್ಕೋ ಅನ್ನು, ಸರಿಹೋಗುತ್ತೆ," ಎಂದಳು ನೇಡೀನ್. ವರ್ಲನ್ ತಟ್ಟೆ ನೋಡುತ್ತ ಕೂತ. ಅವನ ಲೆಕ್ಕದಲ್ಲಿ ಮರಗಳು ಉರುಳಿದ್ದವು.

ಆದರೆ ಡೆಲ್ಮರ್ ಸಿಟ್ಟಾಗಲಿಲ್ಲ, ಎದ್ದೂ ಹೋಗಲಿಲ್ಲ. ನಗೆ ತಗ್ಗುವುದನ್ನೇ ಕಾದು ಕಥೆ ಶುರು ಮಾಡಿದ. ಜಿಂಕೆಯ ವಿಷಯದಲ್ಲಿ ಅವನ ಕಥೆ ಎಂದೂ ಎರಡೇ ಮಾತು: ಬಂತು, ಹೊಡೆದೆ. ಇವತ್ತು ಉಪ್ಪಿನ ಬಟ್ಟಲು ಹಳ್ಳದಾಚೆಯ ಮರವಾಯಿತು, ಚಾಕು ದಿಮ್ಮಿಯಾಯಿತು. ಆ ಅದುರು ಪಕ್ಕೆಲುಬಿಗೆ ಹೇಗೆ ತಾಗಿತೆಂದು ತೋರಿಸಲು ಹಾರ್ಗಿಸ್‌ನ ಬೆನ್ನಿಗೇ ಗುದ್ದಿದ. ಡೆಲ್ಮರ್‌ನ ಗಂಜಿ ತಣ್ಣಗಾಗಿ ಕೆನೆಗಟ್ಟಿತು.

"ಸರಿಯಪ್ಪಾ, ಸಾಕು," ಎಂದ ಹಾರ್ಗಿಸ್. "ಹಾಗಾದ್ರೆ ಕೋಳಿ ಬೇಟೆಗೆ ಅರ್ಥ ಇದೆ ಅಂತೀಯಾ?"

"ಯಾರು ಅಂದಿದ್ದು? ಬುದ್ಧಿ ಇರೋನು ಮಾಡೋ ಕೆಲಸ ಅಲ್ಲ ಅದು. ಮೈಯೆಲ್ಲ ಉಣ್ಣಿ. ಆದ್ರೆ ಆ ನನ್ಮಗನ್ನ ಹೊಡೆಯೋ ತನಕ ಅಲ್ಲಿ ಒಂದು ಮರಾನೂ ಬೀಳಬಾರ್ದು."

"ಹೊಡೆದ ಮೇಲೆ?"

"ಹೊಡೆದ ಮೇಲೆ ನಿಮ್ಮ ಬುಲ್ಡೋಜರಿಗೆ ನಾನೇ ದಾರಿ ತೋರಿಸ್ತೀನಿ."

ಕೈ ಎತ್ತಿಸಿದರು. ಬುಲ್ಡೋಜರ್ ಬೇಡವೆಂದಾಯಿತು. ಹಾರ್ಗಿಸ್ ಟೋಪಿ ಹಾಕಿಕೊಂಡು ಹೊರಗೆ ಹೋದ.

ವರ್ಲನ್ ತನ್ನ ಪಿಕಪ್ ಗಾಡಿಯ ಹತ್ತಿರ ಬಂದ ಮೇಲೆಯೇ ಇದರ ಅರ್ಥ ಪೂರ್ತಿ ತಲೆಗೆ ಹೋದದ್ದು. ಆ ಹುಂಜ ಬದುಕಿರುವ ತನಕ ಮರಗಳಿವೆ. ಡೆಲ್ಮರ್ ಹೊಡೆದರೆ ಮರ ಹೋಗುತ್ತದೆ. ತಾನು ಹೊಡೆದರೂ ಡೆಲ್ಮರ್‌ಗೆ ಮರ ಉಳಿಸಲು ಕಾರಣವಿರುವುದಿಲ್ಲ. ಕಾಡು ಸಿಕ್ಕಿತ್ತು, ಬೇಟೆ ಕೈಬಿಟ್ಟಿತ್ತು.

ಡೆಲ್ಮರ್ ಹಿಂದೆಯೇ ಬಂದ. "ಮುಂದಿನ ಶನಿವಾರ ನಾನೊಬ್ನೇ ಹೋಗ್ತೀನಿ. ಕೂಗೋದು ಹೇಗೆ, ಅದೊಂದು ಹೇಳಿಕೊಡು."

"ಬಿಡದೆ ಕೂಗ್ಬೇಕು," ಎಂದ ವರ್ಲನ್. "ಜೋರಾಗಿ. ಅದು ಉತ್ತರ ಕೊಟ್ಟಷ್ಟು ಸಲಾನೂ."

"ಇವತ್ತು ನೀನು ಸುಮ್ಮನಾದ ಮೇಲಲ್ವಾ ಬಂದಿದ್ದು?"

"ಅದು ಇವತ್ತಿನ ಮಾತು. ಒಂದ್ಸಲ ಗುಂಡಿನ ಸದ್ದು ಕೇಳಿದ ಹುಂಜ ಬೇರೆ. ಅದಕ್ಕೆ ಒಂದು ನಿಮಿಷಾನೂ ಬಿಡುವು ಕೊಡಬಾರ್ದು."

ಡೆಲ್ಮರ್ ಶ್ರದ್ಧೆಯಿಂದ ತಲೆಯಾಡಿಸಿದ. ವರ್ಲನ್ ಗಾಡಿ ಹತ್ತಿ ಬಾಗಿಲು ಹಾಕಿಕೊಂಡ.