ಸಂಕ್ರಾಂತಿಗೆ ಮುಂಚೆ ತಿರುಗಿದ ಬಿಸಿಲು

ಕಸ್ತೂರಿಯ ಮದುವೆಯನ್ನು ಜನವರಿ ಆರರವರೆಗೆ ತಡೆದರೆ ಸಾಕಿತ್ತು. ಆರನೆಯ ತಾರೀಖು ಹಣಮೇಶ ದುಬೈಗೆ ವಾಪಸು ಹೋಗುತ್ತಿದ್ದ. ಮುಂದಿನ ರಜೆ ಅವನಿಗೆ ಎರಡು ವರ್ಷ ಬಿಟ್ಟು. ಅಷ್ಟರೊಳಗೆ ಅವಳು ಹತ್ತನೆಯ ತರಗತಿಯ ಪರೀಕ್ಷೆ ಬರೆದಿರುತ್ತಾಳೆ, ಶಹಾಪುರದಲ್ಲಿ ಕಾಲೇಜು ಸೇರಿರುತ್ತಾಳೆ, ಹದಿನೆಂಟರ ಹತ್ತಿರ ಬಂದಿರುತ್ತಾಳೆ. ಈ ಎಣಿಕೆಯನ್ನು ನಾನು ದಿನಕ್ಕೆ ಹತ್ತು ಸಲ ಮಾಡುತ್ತಿದ್ದೆ, ಬಸ್ಸಿನಲ್ಲಿ ಬರುವಾಗಲೂ, ಹಾಜರಿ ಕರೆಯುವಾಗಲೂ.

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಿಂದ ಒಳಗಿರುವ ಊರು ಅದು. ಅಲ್ಲಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಕಸ್ತೂರಿಗೆ ತಾಯಿಯಿಲ್ಲ. ಅಪ್ಪ ಲಿಂಗಣ್ಣ, ಅವನ ತಾಯಿ ಸೂಗಮ್ಮ, ಇವಳು, ಇಷ್ಟೇ ಮನೆ. ಅವಳಿಗೆ ಗೊತ್ತುಮಾಡಿದ್ದ ಹಣಮೇಶ ಲಿಂಗಣ್ಣನ ಅಕ್ಕನ ಮಗ, ವಯಸ್ಸು ಇಪ್ಪತ್ತೆಂಟು. ನವೆಂಬರಿನಲ್ಲಿ ನಾನು ಹೆಸರು ಹೇಳದೆ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದ್ದೆ. ಇಬ್ಬರು ಅಧಿಕಾರಿಗಳು ಶಾಲೆಗೆ ಬಂದು, ಹದಿನೆಂಟು ತುಂಬುವ ತನಕ ಮದುವೆ ಮಾಡುವುದಿಲ್ಲವೆಂದು ಲಿಂಗಣ್ಣನಿಂದ ಮುಚ್ಚಳಿಕೆ ಬರೆಸಿಕೊಂಡರು. ಅವನು ಒಂದು ಮಾತೂ ಆಡದೆ ಸಹಿ ಮಾಡಿದ. ಸಹಿ ಮಾಡುವಾಗ ಅವನ ಮುಖ ನೋಡಿದ್ದೆ, ಸಮಾಧಾನವಾಗಿತ್ತು. ಅಂದಿನಿಂದ ನನ್ನ ಸಮಾಧಾನ ಹೋಯಿತು.

ಮದುವೆಯನ್ನು ನಿಜಕ್ಕೂ ತಡೆದು ಹಿಡಿದಿದ್ದು ಧನುರ್ಮಾಸ. ಹಣಮೇಶ ಊರಿಗೆ ಬರುವ ಹೊತ್ತಿಗೆ ಅದು ಶುರುವಾಗಿತ್ತು. ಸೂರ್ಯ ದಕ್ಷಿಣಕ್ಕೆ ಇಳಿದಿರುವ ಆ ತಿಂಗಳು ಅಕ್ಕಿಕಾಳು ಹಾಕಿಸಬಾರದು, ಮದುವೆ ಮಾಡಬಾರದು ಎಂದು ಸೂಗಮ್ಮ ಪಟ್ಟು ಹಿಡಿದಿದ್ದಳು. ಒಂದು ದಿನ ಬಸ್ಸಿಗೆ ಕಾಯುತ್ತಿದ್ದಾಗ ಲಿಂಗಣ್ಣನೇ ನನ್ನ ಹತ್ತಿರ ದೂರಿದ.

“ನಮ್ಮವ್ವಂದು ಒಂದು ಜಿದ್ದ್ರಿ ಟೀಚರ್. ಸಂಕ್ರಾಂತಿ ಆಗ್ಲಿ, ಸೂರ್ಯ ಉತ್ತರಕ್ಕ ಹೊಳ್ಳಲಿ ಅಂತಾಳ. ಸೂರ್ಯಗ ಏನ್ ಗಡಬಡಿ ಅದ? ಅಂವಗ ಡೂಟಿಗೆ ಹೋಗೋದದ ಏನು?”

“ಹಿರಿಯರು, ಅವರ ಮಾತು ಮೀರಬಾರದು” ಎಂದೆ. ಅಂಥ ಮಾತು ನನ್ನ ಬಾಯಿಂದ ಹಿಂದೆಂದೂ ಬಂದಿರಲಿಲ್ಲ. ಮರುದಿನ ಕಸ್ತೂರಿಯನ್ನು ಪಕ್ಕಕ್ಕೆ ಕರೆದು, “ಸಂಕ್ರಾಂತಿ ತನಕ ಏನೂ ಆಗೋದಿಲ್ಲ. ನೀನು ಓದು” ಎಂದು ಹೇಳಿದೆ.

ಆ ವರ್ಷ ದೀಪಾವಳಿ ಮುಗಿದ ಮೇಲೆ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಪ್ರತಿ ಭಾನುವಾರ ನಡುಮಧ್ಯಾಹ್ನ, ನೆರಳು ಅತಿ ಗಿಡ್ಡವಾದಾಗ, ಮನೆಯಲ್ಲಿ ಬಿಸಿಲು ಬೀಳುವ ಒಂದು ಜಾಗಕ್ಕೆ ಗುರುತು ಹಾಕಬೇಕು. ಎರಡು ವಾರಕ್ಕೆ ಎಲ್ಲರೂ ಮರೆತರು. ಕಸ್ತೂರಿ ಮಾತ್ರ ಬಿಡಲಿಲ್ಲ. ಅವರದು ಮಣ್ಣಿನ ಮಾಳಿಗೆಯ ಮನೆ. ಬೆಳಕಿಂಡಿಯಿಂದ ಇಳಿದ ಬಿಸಿಲು ನೆಲದ ಮೇಲೆ ರೊಟ್ಟಿಯಷ್ಟಗಲ ಬೀಳುತ್ತಿತ್ತು. ಅದು ವಾರವಾರವೂ ಉತ್ತರದ ಗೋಡೆಯ ಕಡೆ ಸರಿಯುವುದನ್ನು ಅವಳು ಸುಣ್ಣದ ಗೀಟು ಎಳೆದು ಗುರುತು ಮಾಡುತ್ತಿದ್ದಳು.

ಡಿಸೆಂಬರಿನಲ್ಲಿ ಪಾಠ ಮಾಡಿದೆ. ಶಾಲೆಯ ಗ್ಲೋಬಿನ ಕಾಲು ಮುರಿದಿತ್ತು. ಮೋಸಂಬಿಗೆ ಸ್ವೆಟರ್ ಹೆಣೆಯುವ ಸೂಜಿ ಚುಚ್ಚಿ, ಮೇಜಿನ ಮೇಲೆ ಬಲ್ಬು ಉರಿಸಿಟ್ಟು, ಸೂಜಿಯ ಓರೆ ಬದಲಾಗದಂತೆ ಹಿಡಿದು ಮೇಜನ್ನು ಸುತ್ತಿದೆ. ಸೂರ್ಯ ಎಲ್ಲಿಗೂ ಹೋಗುವುದಿಲ್ಲ, ಭೂಮಿಯೇ ಓರೆಯಾಗಿ ನಿಂತು ಸುತ್ತುತ್ತದೆ. ಮೇಜಿನ ಈ ಬದಿಯಲ್ಲಿ ನಮ್ಮ ಭಾಗ ಬಲ್ಬಿನ ಕಡೆ ಬಾಗಿದೆ, ಆ ಬದಿಗೆ ಹೋದಾಗ ಬಲ್ಬಿನಿಂದ ಆಚೆ ಬಾಗಿದೆ. ಹಾಗಾಗಿ ಚಳಿಗಾಲದ ಸೂರ್ಯ ನಮಗೆ ದಕ್ಷಿಣದಲ್ಲಿ ತಗ್ಗಿಗೆ ಕಾಣುತ್ತಾನೆ ಎಂದು ವಿವರಿಸಿದೆ. ಡಿಸೆಂಬರ್ ಇಪ್ಪತ್ತೊಂದು ಇಪ್ಪತ್ತೆರಡರ ಹೊತ್ತಿಗೆ ದಕ್ಷಿಣದ ಕೊನೆ ಮುಟ್ಟಿ ಹಿಂದಿರುಗುತ್ತಾನೆ ಎಂದಾಗ ಕಸ್ತೂರಿಯ ಗೆಳತಿ ತರನ್ನುಮ ಎದ್ದು ನಿಂತಳು.

“ಟೀಚರ್, ಕ್ಯಾಲೆಂಡರದಾಗ ಸಂಕ್ರಾಂತಿಗೆ ಹೊಳ್ತಾನ ಅಂತ ಅದರಿ. ನೀವ್ಯಾಕ ಮೂರು ವಾರ ಮೊದಲೇ ಹೊಳ್ಳಸಾಕತ್ತೀರಿ?”

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಅಲ್ಲಿಗೆ ಬಿಡಬಹುದಾಗಿತ್ತು. ಆದರೆ ಒಳ್ಳೆಯ ಪ್ರಶ್ನೆಗೆ ಅರ್ಧ ಉತ್ತರ ಕೊಡುವುದು ನನ್ನಿಂದ ಆಗುವುದಿಲ್ಲ. ಭೂಮಿಯ ಅಕ್ಷ ಬುಗುರಿಯ ಹಾಗೆ ಬಹಳ ನಿಧಾನಕ್ಕೆ ಓಲಾಡುತ್ತದೆ, ಪಂಚಾಂಗದ ಸಂಕ್ರಾಂತಿ ನಕ್ಷತ್ರಗಳನ್ನು ಹಿಡಿದು ನಡೆಯುತ್ತದೆ, ಸಾವಿರದ ಏಳುನೂರು ವರ್ಷದ ಹಿಂದೆ ಎರಡೂ ಒಂದೇ ದಿನ ಬೀಳುತ್ತಿದ್ದವು, ಸುಮಾರು ಎಪ್ಪತ್ತೆರಡು ವರ್ಷಕ್ಕೆ ಒಂದು ದಿನದಂತೆ ದೂರವಾದವು ಎಂದು ಹೇಳಿದೆ. ಬೋರ್ಡಿನ ಮೇಲೆ ‘ನಿಜವಾದ ಉತ್ತರಾಯಣ: ಡಿಸೆಂಬರ್ 22’ ಎಂದು ಬರೆದೆ. ಕಸ್ತೂರಿ ಅದನ್ನು ಬರೆದುಕೊಂಡಳು. ಅವಳು ಬರೆದುಕೊಳ್ಳುವುದನ್ನು ನೋಡಿ ನನಗೆ ಖುಷಿಯಾಗಿತ್ತು.

ಎಳ್ಳಮವಾಸ್ಯೆ ಡಿಸೆಂಬರ್ ಮೂವತ್ತಕ್ಕೆ, ಸೋಮವಾರ ಬಂತು. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿಗೆ ನೈವೇದ್ಯದ ಚರಗ ಚೆಲ್ಲುವ ದಿನ. ಶಾಲೆಗೆ ಯಾರೂ ಬರುವುದಿಲ್ಲ. ಮರುದಿನ ಕಸ್ತೂರಿಯ ಜಾಗ ಖಾಲಿ ಇತ್ತು. ತರನ್ನುಮಳನ್ನು ಕೇಳಿದೆ.

“ಚರಗ ಚೆಲ್ಲಾಕ ಅವರ ಅತ್ತಿ ಹೊಲಕ್ಕ ಹೋಗ್ಯಾಳ್ರಿ. ಸುರಪುರದಾಚಿ.”

ಅತ್ತೆ ಎಂದರೆ ಹಣಮೇಶನ ತಾಯಿ. ಧನುರ್ಮಾಸ ಇನ್ನೂ ಎರಡು ವಾರ ಇದೆ, ಸೂಗಮ್ಮ ಇದ್ದಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಬುಧವಾರವೂ ಅವಳು ಬರಲಿಲ್ಲ. ಸಂಜೆ ಬಸ್ಸು ಬಿಟ್ಟು ಅವರ ಮನೆಗೆ ಹೋದೆ.

ಸೂಗಮ್ಮ ಒಬ್ಬಳೇ ಬಾಗಿಲಲ್ಲಿ ಕುಳಿತಿದ್ದಳು. ಒಳಗೆ ದೀಪ ಹಚ್ಚಿರಲಿಲ್ಲ.

“ಬರ್ರಿ ಟೀಚರ. ಕೂಡ್ರಿ.”

“ಕಸ್ತೂರಿ ಎಲ್ಲಿ, ಆಯಿ?”

“ಇವತ್ತ ಮುಂಜಾನಿ ಅಕ್ಕಿಕಾಳು ಬಿದ್ವು.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಅವರ ಮನ್ಯಾಗೇ. ಹತ್ತು ಮಂದಿ ಇದ್ರಂತ. ಡೋಲು ಇಲ್ಲ, ಹಂದರ ಇಲ್ಲ. ಹಬ್ಬಕ್ಕ ಅಂತ ಕರಕೊಂಡು ಹೋಗಿದ್ದ. ಅಕಿಗೆ ಹೇಳಿರಲಿಲ್ಲ.”

“ಧನುರ್ಮಾಸ ಇತ್ತಲ್ಲ” ಎಂದೆ.

ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಗೋಡೆಗೆ ಕೈಕೊಟ್ಟು ಎದ್ದು ಒಳಗೆ ಕರೆದಳು. ಮೊಬೈಲಿನ ಬೆಳಕು ಬಿಟ್ಟೆ. ನೆಲದ ಮೇಲೆ ಸುಣ್ಣದ ಗೀಟುಗಳು ಒಂದರ ಹಿಂದೊಂದು ಉತ್ತರದ ಗೋಡೆಯ ಕಡೆ ಹೋಗಿದ್ದವು. ಕೊನೆಯ ಗೀಟಿನ ಪಕ್ಕ, ಒಂದು ಬೆರಳು ಈಚೆಗೆ, ಅರಿಶಿನದಲ್ಲಿ ಇನ್ನೊಂದು ಗೀಟಿತ್ತು.

“ಐತವಾರ ಮಧ್ಯಾಹ್ನ ಎಳದ್ಲು. ‘ಆಯಿ, ಬಾ ಇಲ್ಲಿ, ಸೂರ್ಯ ಹೊಳ್ಳ್ಯಾನ ನೋಡು. ಉತ್ತರಾಯಣ ಬಂದೇ ಬಿಟ್ಟದ. ಟೀಚರ್ ಹೇಳ್ಯಾರ, ನಿನ್ನ ಪಂಚಾಂಗ ತಪ್ಪದ’ ಅಂತ ನಗಾಕತ್ತಿದ್ಲು. ನಾನೂ ಬಗ್ಗಿ ನೋಡಿದೆ. ಖರೇನೇ ಹೊಳ್ಳಿತ್ತು. ಲಿಂಗಣ್ಣ ಅಲ್ಲೇ ಊಟಕ್ಕ ಕುಂತಿದ್ದ.”

“ಅವನು ಏನಂದ?”

“ಆಗ ಏನೂ ಅನಲಿಲ್ಲ. ಕೈ ತೊಳಕೊಂಡು ಅಕ್ಕಗ ಫೋನ್ ಹಚ್ಚಿದ. ಆಮ್ಯಾಲ ನನಗಂದ, ‘ಸಾಲಿ ಕಲಿತವರೇ ಉತ್ತರಾಯಣ ಬಂತು ಅಂತಾರ. ನಿನ್ನ ಮಮ್ಮಗಳೇ ತೋರಿಸ್ಯಾಳ. ಇನ್ನೇನದ ನಿಂದು?’ ಕಣ್ಣಿಲೆ ನೋಡೀನಿ. ಇಲ್ಲ ಅಂತ ಹ್ಯಾಂಗನ್ಲಿ?”

ನಾನು ಮೊಬೈಲಿನ ಬೆಳಕು ಆರಿಸಿದೆ.

“ನನಗ ಧನುರ್ಮಾಸದ ಫಿಕೀರು ಏನಿತ್ರಿ ಟೀಚರ?” ಸೂಗಮ್ಮ ಮೆಲ್ಲಗೆ ಹೇಳಿದಳು. “ನನ್ನ ಹನ್ನೊಂದನೇ ವರ್ಷಕ್ಕ ಕೊಟ್ಟಿದ್ರು. ಯಾವ ಮಾಸ ಅಂತ ಯಾರು ನೋಡಿದ್ರು? ಆ ಹುಡುಗ ಇಮಾನ ಹತ್ತಿ ಹೋಗ್ಲಿ ಅಂತ ಹಿಡಕೊಂಡು ಕುಂತಿದ್ದೆ. ನನ್ನ ಮಾತು ಈ ಮನ್ಯಾಗ ಬ್ಯಾರೆ ಯಾವುದಕ್ಕ ನಡೀತದ? ಅದೊಂದೇ ಇತ್ತು.”

ಹೊರಗೆ ಬಂದು ಸಹಾಯವಾಣಿಗೆ ಫೋನ್ ಮಾಡಿದೆ. ಈ ಸಲ ಹೆಸರು ಹೇಳಿದೆ. ಮರುದಿನ ಸುರಪುರದಾಚೆಯ ಆ ಊರಿಗೆ ಹೋಗಿ ನೋಡಿ ಬಂದವರು ನನಗೆ ತಿಳಿಸಿದರು: ಕೊರಳಲ್ಲಿ ತಾಳಿ ಇರಲಿಲ್ಲ, ಕಾಲಲ್ಲಿ ಉಂಗುರ ಇರಲಿಲ್ಲ, ಹಬ್ಬಕ್ಕೆ ಅತ್ತೆಯ ಮನೆಗೆ ಬಂದಿದ್ದೇನೆ ಎಂದು ಹುಡುಗಿಯೇ ಹೇಳಿದಳು, ಎರಡು ಸಲ ಕೇಳಿದರೂ ಅದನ್ನೇ ಹೇಳಿದಳು.

ಹಣಮೇಶ ಆರಕ್ಕೆ ಹೋದ. ಕಸ್ತೂರಿ ವಾಪಸು ಬರಲಿಲ್ಲ. ಒಂಬತ್ತನೆಯ ತಾರೀಖು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

“ಟೀಚರ್, ನಾನ್ರಿ.” ದನಿ ತಗ್ಗಿತ್ತು. ಹಿಂದೆ ಪಾತ್ರೆಗಳ ಸದ್ದು.

“ಹೇಗಿದ್ದೀಯಾ?”

“ಅದೀನ್ರಿ.”

“ಪರೀಕ್ಷೆ?”

“ಅತ್ತಿ ನೋಡೋಣು ಅಂತಾಳ್ರಿ. ನನ್ನ ಪುಸ್ತಕ ತರನ್ನುಮಗ ಕೊಡ್ರಿ. ಅಕಿ ಕಡಿ ಗಣಿತದ್ದು ಇಲ್ಲ.”

ಅಧಿಕಾರಿಗಳಿಗೆ ಯಾಕೆ ಸುಳ್ಳು ಹೇಳಿದೆ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು: “ಅಪ್ಪಗ ಜೈಲು ಅಂದ್ರು.” ಮತ್ತೆ ಹೇಳಿದಳು, “ಸಂಕ್ರಾಂತಿ ತನಕ ಏನೂ ಆಗಂಗಿಲ್ಲ ಅಂದಿದ್ರಿ ನೀವು. ಒಮ್ಮಿಗೇ ಯಾಕ ಹಿಂಗ ಮಾಡಿದ್ರು, ನಿಮಗ ಗೊತ್ತೇನ್ರಿ?”

“ಗೊತ್ತಿಲ್ಲ” ಎಂದೆ.

“ಆಯಿ ಹೂಂ ಅಂದ್ಲಂತ್ರಿ. ಅಪ್ಪ ಹೇಳಿದ. ಮೊದ್ಲು ಅಕಿನೇ ಬ್ಯಾಡ ಅಂತಿದ್ಲು. ಇನ್ನ ಆ ಮನಿಗೆ ಬರಂಗಿಲ್ಲ ನಾ. ಅಕಿ ಸತ್ರೂ ಬರಂಗಿಲ್ಲ.”

“ಹಾಗನ್ನಬೇಡ ಕಸ್ತೂರಿ. ಅವರದು ತಪ್ಪಿಲ್ಲ.”

“ಮತ್ತ ಯಾರದ್ರಿ?”

ನಾನು ಉತ್ತರ ಕೊಡಬಹುದಾದಷ್ಟು ಹೊತ್ತು ಅವಳು ಕಾದಳು. ಆಮೇಲೆ ಒಳಗಿನಿಂದ ಯಾರೋ ಕರೆದರು, ಫೋನ್ ಇಟ್ಟಳು.