ನಾಲ್ಕನೆಯ ಮೂಲೆ

ಲೇಔಟ್ ಮಾಡುವವರಿಗೆ ಸಾಲ ಕೊಡುವ ಬಳ್ಳಾರಿಯ ಕಂಪನಿಯೊಂದರಲ್ಲಿ, ಜಾಗ ನೋಡಿ ವರದಿ ಬರೆಯುವುದು ನನ್ನ ಕೆಲಸ. ವರದಿಯ ಏಳನೆಯ ಪ್ರಶ್ನೆ: ಜಮೀನಿನಲ್ಲಿ ಸಮಾಧಿ ಇದೆಯೇ? ಇದ್ದರೆ ಸಾಲವಿಲ್ಲ. ಅಂಥ ಕಡೆ ಸೈಟು ಕೊಳ್ಳುವವರು ಹಿಂದೆ ಸರಿಯುತ್ತಾರೆ.

ಕುರುಗೋಡಿನ ಆ ನಾಲ್ಕು ಎಕರೆಗೆ ನಾನು ಮೊದಲು ಹೋದಾಗ ಮಾಲೀಕ ದೊಡ್ಡಬಸವರಾಜ ಎದುರಿಗೇ ಬಂದ. ಅವನ ತಾಯಿ ಅಕ್ಕನಾಗಮ್ಮ ದೂರದ ಬೇವಿನ ಗಿಡದ ಕೆಳಗೆ ನಿಂತಿದ್ದರು.

"ಸಮಾಧಿ ಏನರ ಅದಾವೇನ್ರಿ?" ಎಂದು ಕೇಳಿದೆ.

"ಇಲ್ರಿ ಸರ. ಇದ್ದಿದ್ರ ಮೊದ್ಲು ನಿಮ್ಮ ಕೈಲೇ ಪೂಜಿ ಮಾಡಸ್ತಿದ್ವಿ," ಎಂದು ನಕ್ಕ.

ನಾಲ್ಕೂ ಮೂಲೆಗಳ ಫೋಟೊ ತೆಗೆಯಬೇಕು. ಮೂರು ಮುಗಿಸಿ ಬೇವಿನ ಗಿಡದ ಮೂಲೆಗೆ ಬಂದೆ. ಗಿಡದಿಂದ ತುಸು ಆಚೆ ಚಾಪೆಯಷ್ಟು ನೆಲವನ್ನು ಅಗೆದು ಮುಚ್ಚಿದ್ದರು. ಹಸಿ ಮಣ್ಣಿನಲ್ಲಿ ವಿಭೂತಿಯ ಚೂರು, ಬಾಡಿದ ಕಣಗಿಲೆ ಹೂ. ಸಮಾಧಿಯ ಕಲ್ಲನ್ನು ಆಗಷ್ಟೇ ಕಿತ್ತಿದ್ದರು. ನಮ್ಮಂಥ ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಕೂರಿಸಿ ಹೂಳುತ್ತಾರೆ. ಸಿರುಗುಪ್ಪದ ನಮ್ಮ ಹೊಲದಲ್ಲೂ ತಾತ ಹಾಗೆಯೇ ಕುಳಿತಿದ್ದಾನೆ.

ಅಕ್ಕನಾಗಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡು ಹಿಂದಿರುಗಿ, ನಾಲ್ಕನೆಯದರ ಬದಲು ಮೂರನೆಯ ಮೂಲೆಯನ್ನೇ ತುಸು ಪಕ್ಕಕ್ಕೆ ಸರಿದು ಇನ್ನೊಮ್ಮೆ ತೆಗೆದೆ. ಏಳನೆಯ ಪ್ರಶ್ನೆಗೆ 'ಇಲ್ಲ' ಎಂದು ಬರೆದೆ. ಸಾಲ ಪಾಸಾಯಿತು.

ರಸ್ತೆಗಳಾದ ಮೇಲೆ, ಎರಡನೆಯ ಕಂತಿನ ವರದಿಗೆ ಮತ್ತೆ ಹೋದೆ. ಗಿಡವಿರಲಿಲ್ಲ, ಬದುವೂ ಇರಲಿಲ್ಲ. ಎಲ್ಲೆಲ್ಲೂ ನಂಬರು ಬರೆದ ಬಿಳಿ ಕಲ್ಲುಗಳು. ಅವುಗಳ ನಡುವೆ ಅಕ್ಕನಾಗಮ್ಮ ಸೆರಗಿನಲ್ಲಿ ಹೂ ಕಟ್ಟಿಕೊಂಡು ಬರಿಗಾಲಲ್ಲಿ ತಿರುಗುತ್ತಿದ್ದರು.

ದೊಡ್ಡಬಸವರಾಜ ಈ ಸಲ ನಗಲಿಲ್ಲ. "ಅಪ್ಪನ ಸಮಾಧಿ ಇತ್ರಿ ಸರ ಇಲ್ಲಿ. ಸಾಲ ಆದ ಮ್ಯಾಲ ಕಲ್ಲು ತಿರುಗಿ ನೆಡಾಣ ಅಂತ ಅವತ್ತು ನೀವು ಹೋದ ಮ್ಯಾಲ ಅಲ್ಲೊಂದು ಗೂಟ ಬಡದಿದ್ದೆ. ಜಲ್ಲಿ ಲಾರಿ ಮಾತಾಡಾಕ ಸಿರುಗುಪ್ಪಕ್ಕ ಹೋಗಿ ಬರೋದ್ರಾಗ ಜೆಸಿಬಿ ಹುಲುಗೇಶ್ ಗಿಡ, ಗೂಟ ಎಲ್ಲಾ ಕಿತ್ತು ಸಮ ಮಾಡಿದ್ದ."

"ಅವಂಗ ಹೇಳಿರಲಿಲ್ಲೇನು?"

"ಹೇಳಿದ್ರ ಸೈಟು ಕೊಳ್ಳೋರ ಕಿವಿಗೆ ಬೀಳ್ತಿತ್ತಲ್ರಿ."

ಆ ಮೂಲೆಯಲ್ಲಿ ಈಗ ಒಂಬತ್ತು ಸೈಟು, ಎರಡು ರಸ್ತೆ. ಸಮಾಧಿ ಯಾವ ಸೈಟಿನಲ್ಲಿದೆ ಎಂದು ತಿಳಿದರೆ ಅದನ್ನು ಮಾರುವುದಿಲ್ಲವೆಂದು ಅವ್ವನಿಗೆ ಮಾತು ಕೊಟ್ಟಿದ್ದನಂತೆ. ಒಂಬತ್ತನ್ನೂ ಬಿಡುವ ಶಕ್ತಿ ಅವನಿಗಿರಲಿಲ್ಲ.

ಅಕ್ಕನಾಗಮ್ಮ ಹತ್ತಿರ ಬಂದರು. "ತಮ್ಮಾ, ಅವತ್ತು ನಾಕೂ ಮೂಲಿ ಫೋಟೊ ಹೊಡದಿದ್ದಿ ನೋಡು. ಅದ್ರಾಗ ಗಿಡ ಸಿಕ್ರ ಸಾಕು. ಗಿಡದಿಂದ ಮೂಡಲಕ್ಕ ಐದು ಹೆಜ್ಜಿ. ನಮ್ಮನಿಯವ್ರು ರಸ್ತಿ ಕೆಳಗ ಕುಂತಾರೋ, ಸೈಟಿನ್ಯಾಗ ಕುಂತಾರೋ, ಅಷ್ಟು ಗೊತ್ತಾಗ್ಲಿ."

ಫೋನು ತೆಗೆದೆ. ಒಂದು, ಎರಡು, ಮೂರು. ಮೂರನೆಯದರ ಹಿಂದೆ ಕುರುಗೋಡಿನ ಗುಡ್ಡ. ನಾಲ್ಕನೆಯದರ ಹಿಂದೆಯೂ ಅದೇ ಗುಡ್ಡ.

ಅವರು ಬಗ್ಗಿ ಬಹಳ ಹೊತ್ತು ನೋಡಿದರು. "ಗಿಡ ಎಲ್ಲೈತಿ?"

ನಾನು ಫೋನು ಕೆಳಗಿಳಿಸಿದೆ.

"ನೀ ಕಂಡಿದ್ದಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಕಂಡೂ ಈ ಕಡಿ ತಿರುಗಿದಿ. ಅವತ್ತು ಮನಸಿನ್ಯಾಗ ನಿನಗ ಕೈ ಮುಗದಿದ್ನಪ್ಪ ನಾನು."

ಮತ್ತೆ ನಡೆಯತೊಡಗಿದರು. ಮಗ ಕೂಗಿದ: "ಚಪ್ಪಲಿ ಹಾಕ್ಕೋ ಅವ್ವಾ, ಟಾರು ಕಾದೈತಿ."

"ಎಲ್ಲಿ ಕುಂತಾರ ಗೊತ್ತಿಲ್ಲ. ಚಪ್ಪಲಿ ಹಾಕ್ಕೊಂಡು ಎಲ್ಲಿ ತುಳೀಲೋ?"

ಎರಡನೆಯ ಕಂತಿಗೂ ನಾಲ್ಕು ಮೂಲೆಗಳ ಫೋಟೊ ಬೇಕು. ಬೇವಿನ ಗಿಡವಿದ್ದ ಕಡೆಯದನ್ನು ಈ ಸಲ ತೆಗೆದೆ. ಅದರಲ್ಲಿ ಟಾರು ರಸ್ತೆ, ಬಿಳಿ ಕಲ್ಲುಗಳು, ಹೂವನ್ನು ಇನ್ನೂ ಸೆರಗಿನಲ್ಲೇ ಹಿಡಿದು ಹೋಗುತ್ತಿರುವ ಅಕ್ಕನಾಗಮ್ಮನ ಬೆನ್ನು ಇದೆ.