ಬಿಳಿ ಪಟ್ಟೆಯ ಮತ್ತಿ ಮರ

ಕೊಡಲಿ ಏಳನೇ ಏಟಿಗೆ ಮೇಲೇಳುವ ಹೊತ್ತಿಗೆ ಭುವನಾ ಓಡಿ ಬಂದು ಮಾರಿಯಪ್ಪನ ರಟ್ಟೆ ಹಿಡಿದಳು.

"ನಿಲ್ಸು ತಾತಾ. ಇದು ಕಡೀದೆ ಬಿಡೋ ಮರ."

"ಪಟ್ಟೆ ಐತಲ್ಲಮ್ಮ," ಎಂದ ಮುದುಕ, ಮತ್ತಿ ಮರದ ಸೊಂಟಕ್ಕೆ ಬಳಿದಿದ್ದ ಬಿಳಿ ಬಣ್ಣ ತೋರಿಸುತ್ತ.

ಅವನದೇನು ತಪ್ಪು ಹೇಳಿ. ಕೊಳತ್ತೂರಿನ ಪಕ್ಕದ ಈ ತೇಗದ ತೋಪಿನಲ್ಲಿ ಮೂವತ್ತು ವರ್ಷದಿಂದ ಪಟ್ಟೆ ಬಿದ್ದ ಮರವನ್ನೇ ಕಡಿಯುತ್ತ ಬಂದವನು ಅವನು. ಈ ವರ್ಷ ಹೊಸ ಆದೇಶ ಬಂದಿತ್ತು: ತೇಗ ಕಡಿಯುವಾಗ ನಡುನಡುವೆ ಇರುವ ಹಳೆಯ ಕಾಡುಮರಗಳನ್ನು ಉಳಿಸಬೇಕು, ಪೊಟರೆ ಇದ್ದರಂತೂ ಮುಟ್ಟಲೇಬಾರದು, ಅವಕ್ಕೆ ಗುರುತು ಹಾಕಬೇಕು. ಓಮಲೂರಿನಿಂದ ಬಂದ ಹೊಸ ಫಾರೆಸ್ಟರ್ ಭುವನಾ, ಪಾಪ, ಆಫೀಸಿನಲ್ಲಿದ್ದ ಬಿಳಿ ಬಣ್ಣವನ್ನೇ ಬಳಿದಳು. ಆಳುಗಳಿಗೆ ಹೇಳುವುದನ್ನು ಮಾತ್ರ ಬೆಳಿಗ್ಗೆಗೆ ಇಟ್ಟುಕೊಂಡಳು. ಮಾರಿಯಪ್ಪನೋ, ಹೊತ್ತು ಹುಟ್ಟುವ ಮೊದಲೇ ಕೆಲಸಕ್ಕಿಳಿಯುವ ಆಸಾಮಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಭುವನಾ ಬೆರಳೆತ್ತಿ ಮೇಲೆ ತೋರಿಸಿದಳು. ಪೊಟರೆಯ ಬಾಯಿಗೆ ಹಕ್ಕಿಯೇ ಮಣ್ಣು ಮೆತ್ತಿತ್ತು, ಒಂದು ಸೀಳು ಮಾತ್ರ ಉಳಿದಿತ್ತು. ಒಳಗೆ ಹೆಣ್ಣು ಮಂಗಟ್ಟೆ ಹಕ್ಕಿ, ರೆಕ್ಕೆಯ ಗರಿ ಉದುರಿಸಿಕೊಂಡು, ಮರಿಗಳ ಜೊತೆ ಕೂತಿತ್ತು. ಮರ ಬಿದ್ದರೆ ಅದು ಹಾರುವಂತಿರಲಿಲ್ಲ.

ಮಾರಿಯಪ್ಪ ಕೊಡಲಿ ಕೆಳಗಿಟ್ಟ. "ಬಾಣಂತಿ ಮನೆಗೆ ಕೊಡ್ಲಿ ಆಕ್ಬುಟ್ನಲ್ಲಮ್ಮ," ಎಂದು ಅಲ್ಲೇ ಕುಸಿದು ಕೂತ.

"ನಂದೇ ತಪ್ಪು ತಾತಾ. ನಿನ್ನೆನೇ ನಿಂಗೆ ಈ ಮಾತು ಏಳ್ಬೇಕಿತ್ತು." ಅವಳ ಕಣ್ಣು ತುಂಬಿತ್ತು. ಕೈಯಲ್ಲಿದ್ದ ಮರಗಳ ಲೆಕ್ಕದ ಪುಸ್ತಕದಲ್ಲಿ, ಏಟು ಬಿದ್ದ ಈ ಮರ 'ಅಪಾಯ' ಎಂದು ಬರೆದರೆ ಸಂಜೆಯೊಳಗೆ ಮರ ಉರುಳಿಸುತ್ತಾರೆ. "ಇದು ನಿಲ್ತದಾ?"

ಮುದುಕ ಗಾಯದೊಳಗೆ ಬೆರಳಿಟ್ಟು ಆಳ ನೋಡಿದ. "ಪರವಾಯಿಲ್ಲೆ. ಮೂರ್ರಲ್ಲಿ ಒಂದು ಪಾಲೂ ಓಗಿಲ್ಲ. ಗಾಳಿ ಬಂದ್ರೇನೇ ಬಯ."

ಮರ ಬೇಕಾದ ಕಡೆಗೇ ಬೀಳಲೆಂದು ಎಳೆಯುವ ದಪ್ಪ ಹಗ್ಗ ಅವನ ಬಳಿ ಇತ್ತು. ಅದನ್ನು ಮೇಲಿನ ಕವಲಿಗೆ ಎಸೆದು, ಗಾಯದ ಎದುರು ದಿಕ್ಕಿನ ಬಂಡೆಗೆ ಎಳೆದು ಬಿಗಿದ. ಮಣ್ಣಿಗೆ ಸಗಣಿ ಕಲಸಿ ಗಾಯಕ್ಕೆ ಮೆತ್ತಿದ. ಭುವನಾ ಆಳುಗಳನ್ನೆಲ್ಲ ತೋಪಿನ ಆಚೆ ತುದಿಗೆ ಕಳಿಸಿ, ಪುಸ್ತಕದಲ್ಲಿ 'ನಿಂತಿದೆ' ಎಂದು ಬರೆದಳು.

ನಾಲ್ಕನೇ ದಿನ ಮಧ್ಯಾಹ್ನ ಚಿತ್ತಿರೆ ತಿಂಗಳ ಬೇಸಿಗೆ ಬಿರುಗಾಳಿ ಮಳೆಯ ಜೊತೆ ಎದ್ದಿತು. ಮೇಚೇರಿ ರಸ್ತೆಯಲ್ಲಿ ಎರಡು ಹುಣಸೆ ಮರ ಬುಡಮೇಲಾದವು. ಮಳೆ ನಿಂತ ಕೂಡಲೇ ಭುವನಾ ಕೆಸರಿನಲ್ಲೇ ತೋಪಿಗೆ ಓಡಿದಳು. ಮಾರಿಯಪ್ಪ ಅವಳಿಗಿಂತ ಮೊದಲೇ ಅಲ್ಲಿದ್ದ, ತಲೆಯಿಂದ ಕಾಲಿನವರೆಗೆ ನೆನೆದು.

"ಈ ವಯಸ್ಸಲ್ಲಿ ಮಳೇಲಿ ನೆನೀತಾರಾ ತಾತಾ?"

"ನೀನೇನು ಕೊಡೆ ಇಡ್ಕೊಂಡು ಬಂದಿದ್ದೀಯಾ?"

ಮತ್ತಿ ಮರ ನಿಂತಿತ್ತು. ಗಂಡು ಮಂಗಟ್ಟೆ ಆಲದ ಹಣ್ಣು ತಂದು ಕೊಂಬೆಯ ಮೇಲೆ ಕೂತಿತು. ಸೀಳಿನಿಂದ ಒಂದು ಕೊಕ್ಕು ಹೊರಗೆ ಬಂತು. ಭುವನಾ ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಆಚೆ ತುದಿಯಿಂದ ಕಂಟ್ರಾಕ್ಟರ್ ಮುನುಸ್ವಾಮಿಯ ಕೂಗು ಕೇಳಿಸಿತು. "ಮಾರಿಯಪ್ಪಾ, ನಾಳೆ ಮರ ಎಳೀಬೇಕು. ಅಗ್ಗ ಎಲ್ಲಿ ಆಕ್ದೆಲಾ?"

"ಕೆಲ್ಸದಾಗೈತೆ," ಎಂದ ಮಾರಿಯಪ್ಪ, ಹಗ್ಗದ ಮೇಲಿಂದ ಕೈ ತೆಗೆಯದೆ.